ನಲವತ್ತು ಮನೆಯ ಕೌದಿ

“ಸೂಜಿಗೆ ಕಣ್ಣು ಅಂತ ಒಂದನ್ನ ಕೊಟ್ಟ ಮೇಲೆ, ಎದುರಿಗೆ ಬಂದು ನಿಂತ ದಾರ ಅದಕ್ಕೆ ಕಾಣಿಸಬಾರದೇನಪ್ಪಾ?”

ಶಾಕಿರ್ ಮೇಷ್ಟ್ರು ಈ ಪ್ರಶ್ನೆಯನ್ನು ಯಾರಿಗೂ ಕೇಳಿದ್ದಲ್ಲ. ಹೆಂಡತಿ ಬೆದ್ರಿಯೆ ದಿವಾನದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ್ದಳು. ಕಬ್ಬಿಣದ ಒಲೆ ತನ್ನ ನೆತ್ತಿಯ ಮೇಲಿನ ಕಿತ್ತಳೆ ಸಿಪ್ಪೆಯ ಘಮದಲ್ಲಿ ಮೈಮರೆತಿತ್ತು. ಹೊರಗೆ ಚಾಮ್‌ದೆರೆ ಊರಿಗೆ ಊರೇ ಹಿಮ ಹೊದ್ದು ಮಲಗಿತ್ತು. ಮೇಷ್ಟ್ರು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಬಿಲ್ಲಿಗೆ ಹೆದೆಯೇರಿಸಿದ ವೀರನಂತೆ ಉಸಿರು ಕಟ್ಟಿ ಗುರಿಯಿಟ್ಟರು. ದಾರ ಸೂಜಿಯ ಪಕ್ಕದಲ್ಲಿ ಹಾದು ಅವರ ಮೀಸೆಯೊಳಗೆ ಸೇರಿತು.

ಇದನ್ನು ಶಾಲೆಯವರು ಯಾರಾದರೂ ನೋಡಿದ್ದರೆ ಅಲ್ಲಿಗೆ ಒಂದು ಯುಗವೇ ಮುಗಿಯುತ್ತಿತ್ತು. ಮೇಷ್ಟ್ರು ಊರಿನ ಮಾಧ್ಯಮಿಕ ಶಾಲೆಯ ಉಪಮುಖ್ಯೋಪಾಧ್ಯಾಯರು. ಶಾಲೆಗೊಂದು ಗಂಟೆ ಇದ್ದರೂ ಮಕ್ಕಳು ತರಗತಿಗೆ ಓಡುತ್ತಿದ್ದದ್ದು ಅದರ ಸದ್ದಿಗಲ್ಲ, ಮೇಷ್ಟ್ರ ಹುಬ್ಬಿಗೆ. ಅದು ಗಂಟಿಕ್ಕಿತೆಂದರೆ ಅಂಗಳದ ಕಾಗೆಗಳೂ ಸಾಲಾಗಿ ಕೂರುತ್ತಿದ್ದವು. ಕೈಕೆಲಸದ ಹೊಸ ಟೀಚರು ಹುಡುಗರಿಗೂ ಹೊಲಿಗೆ ಕಲಿಸೋಣವೇ ಎಂದು ಸಭೆಯಲ್ಲಿ ಕೇಳಿದಾಗ, “ಸೂಜಿ ಹಿಡಿದ ಗಂಡಸಿನ ಮಾತನ್ನ ಅವನ ಮನೆ ಬೆಕ್ಕೂ ಕೇಳಲ್ಲ ಮೇಡಂ” ಎಂದು ಆ ವಿಷಯವನ್ನು ಅಲ್ಲಿಗೇ ಸಮಾಧಿ ಮಾಡಿದವರು ಇದೇ ಮೇಷ್ಟ್ರು. ಚಳಿಗಾಲದ ರಜೆ ಶುರುವಾದ ದಿನ ಮುಖ್ಯೋಪಾಧ್ಯಾಯ ತೆವ್ಫಿಕ್ ಬೇ, ರಜೆಯಲ್ಲಿ ಏನು ಮಾಡ್ತೀರಿ ಎಂದು ವಿಚಾರಿಸಿದ್ದಕ್ಕೆ, “ಶಾಲೆಯ ಶಿಸ್ತಿನ ನಿಯಮಗಳನ್ನ ಮೊದಲಿಂದ ಬರೀಬೇಕು ಅಂತಿದ್ದೀನಿ ಸಾರ್, ಗಂಭೀರವಾದ ಕೆಲಸ” ಎಂದು ಹೇಳಿ ಬಂದಿದ್ದರು.

ಮನುಷ್ಯ ಎಣಿಸಿದ್ದೆಲ್ಲ ಆಗುವುದಾದರೆ ಮೇಲಿರುವವನಿಗೆ ಕೆಲಸವೇನು? ರಜೆಯ ಮೊದಲ ಬೆಳಗ್ಗೆಯೇ ಬೆದ್ರಿಯೆ ಹೊಸಿಲಾಚೆಯ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡಳು. ಡಾಕ್ಟರು ಬಂದು ಪಟ್ಟಿ ಕಟ್ಟಿ, ಕಾಲು ದಿಂಬಿನ ಮೇಲಿರಲಿ, ನಡೆಯಬೇಡಿ ಎಂದು ಹೇಳಿ ಹೋದರು. ಬೆದ್ರಿಯೆ ಕೂತಲ್ಲೇ ಹಳೆ ಬಟ್ಟೆಯ ಗಂಟು ಬಿಚ್ಚಿ ಕೌದಿಗೆ ತೊಡಗಿದಳು. ಮೇಷ್ಟ್ರು ಎದುರಿಗೆ ಕೂತು ಚಹಾ ಹೀರುತ್ತ, “ಇದರಲ್ಲಿ ಏನಿದೆ ಅಂತ ಹೆಂಗಸರು ಇಷ್ಟೊಂದು ಹೆಮ್ಮೆಪಡ್ತೀರೋ. ಬರೀ ನೆಟ್ಟಗಿನ ಗೆರೆ” ಎಂದರು.

“ಹೌದಾ,” ಎಂದು ಬೆದ್ರಿಯೆ ಎರಡು ತುಂಡು ಬಟ್ಟೆ, ಒಂದು ಸೂಜಿ ಅವರ ಕೈಗಿಟ್ಟಳು. “ಒಂದು ನೆಟ್ಟಗೆ ಎಳೀರಿ ನೋಡಾಣ.”

ಮೇಷ್ಟ್ರು ಎಳೆದ ಗೆರೆ ಮೇಕೆಗಳು ಬೆಟ್ಟ ಹತ್ತಿದ ದಾರಿಯಂತಿತ್ತು. ಬಿಚ್ಚಿ ಮತ್ತೆ ಹೊಲಿದರು. ಬಿಚ್ಚಿದರು. ಮಧ್ಯಾಹ್ನದ ಸೂಪು ಆರಿತು. ಸಂಜೆಯ ಹೊತ್ತಿಗೆ ಒಂದು ಕೆಂಪು ಚೌಕವೂ ಒಂದು ನೀಲಿ ಚೌಕವೂ ಒಂದನ್ನೊಂದು ಬಿಡದೆ ಕೂಡಿಕೊಂಡು ಅವರ ತೊಡೆಯ ಮೇಲೆ ಮಲಗಿದವು. ಮೇಷ್ಟ್ರು ಅವನ್ನೇ ನೋಡುತ್ತ ಕೂತರು. ಜೀವಮಾನದಲ್ಲಿ ಅವರು ಎರಡನ್ನು ಬೇರ್ಪಡಿಸಿದ್ದುಂಟು, ಮುಖ್ಯವಾಗಿ ಜಗಳವಾಡುವ ಹುಡುಗರನ್ನು. ಕೂಡಿಸಿದ್ದು ಅದೇ ಮೊದಲು.

ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ. ಬೆಳಗಿನ ನಮಾಜು ಮುಗಿಸಿ ಸೂಜಿ ಹಿಡಿದರೆ ಒಲೆಗೆ ಸೌದೆ ಹಾಕುವುದಕ್ಕೆ ಮಾತ್ರ ಏಳುತ್ತಿದ್ದರು. ಬೆದ್ರಿಯೆ ತನ್ನ ತುಂಡು ಹೊಲಿಯುತ್ತ ಭಕ್ತಿಯ ಹಾಡು ಗುನುಗುವಳು, ಮೇಷ್ಟ್ರು ಅದರ ಲಯಕ್ಕೆ ಸೂಜಿ ಚುಚ್ಚುವರು. ಪಲ್ಲವಿಗೊಮ್ಮೆ ಬೆರಳಿಗೂ ಚುಚ್ಚಿಕೊಳ್ಳುವರು. ಆದರೆ ಬೀದಿಯ ಕಡೆಯ ಪರದೆ ಮಾತ್ರ ಹಗಲೂ ಮುಚ್ಚಿರುತ್ತಿತ್ತು. ಬೆದ್ರಿಯೆಯ ಕಾಲು ಉಳುಕಿದ ಸುದ್ದಿಯನ್ನೂ ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ ಹೇಳಬೇಡಿರೆಂದು ಕೇಳಿಕೊಂಡರು. ಹೇಳಿದರೆ ನೆರೆಹೊರೆಯ ಹೆಂಗಸರು ನೋಡಲು ಬರುತ್ತಾರೆ, ಬಂದವರು ಮೇಷ್ಟ್ರ ತೊಡೆಯ ಮೇಲಿನದನ್ನೂ ನೋಡುತ್ತಾರೆ, ಮಾರನೆಯ ದಿನ ಅದು ಶಾಲೆಯ ಬಾಗಿಲಲ್ಲಿರುತ್ತದೆ. ಆಮೇಲೆ ಆ ಹುಬ್ಬು ಎಷ್ಟು ಗಂಟಿಕ್ಕಿದರೂ ಕಾಗೆ ಸಾಲಾಗಿ ಕೂರುವುದಿಲ್ಲ.

ರಜೆ ಅರ್ಧ ಕಳೆಯುವಷ್ಟರಲ್ಲಿ ಬಟ್ಟೆಯ ಗಂಟು ಬರಿದಾಯಿತು. ಮೇಷ್ಟ್ರ ಕೌದಿ ಇನ್ನೂ ಟವೆಲಿನಷ್ಟಿತ್ತು. ಅಂಗಡಿಗೆ ಹೋಗಿ ಹೂವಿನ ಬಟ್ಟೆ ಕೇಳುವಂತಿಲ್ಲ. ಯೋಚಿಸಿ ಯೋಚಿಸಿ ಒಂದು ಉಪಾಯ ಹೊಳೆಯಿತು: ಮನೆಗೊಂದು ಅಂಗೈಯಗಲದ ತುಂಡು ಕೇಳಿದರೆ ಯಾರಿಗೆ ಭಾರ? ಏಕೆಂದು ಹೇಳದಿದ್ದರಾಯಿತು. ಅಡ್ಡಾಡಿ ಬರುತ್ತೇನೆಂದು ಹೆಂಡತಿಗೆ ಹೇಳಿ, ಟೋಪಿ ಕಿವಿಗೆಳೆದುಕೊಂಡು ಹೊರಟರು.

ಮೊದಲು ತಟ್ಟಿದ್ದು ಎದುರು ಮನೆಯ ವಿಧವೆ ಸಾಫಿಯೆ ಅಬ್ಲಾಳ ಬಾಗಿಲು. ಊರಿಗೆಲ್ಲ ಹಿರಿಯಕ್ಕನಾದ ಈಕೆಯ ಬಾಯಿಗೆ ಬಿದ್ದ ಸುದ್ದಿ ಹಿಮದಲ್ಲೂ ಹಾದಿ ಹುಡುಕಿಕೊಂಡು ಹೋಗುತ್ತಿತ್ತು.

“ಅಬ್ಲಾ, ಒಂದು ಹಳೆ ಬಟ್ಟೆ ತುಂಡು ಬೇಕಿತ್ತು. ಸಣ್ಣದು ಸಾಕು.”

ಸಾಫಿಯೆ ಅಬ್ಲಾ ಕಣ್ಣು ಕಿರಿದು ಮಾಡಿದಳು. “ನಮ್ಮನೇದು ಒಂದೇನಾ?”

“ಇಲ್ಲ, ಎಲ್ಲಾ ಮನೆಗೂ ಹೋಗ್ತೀನಿ.”

ಆಕೆಯ ಕೈ ತಾನಾಗಿ ಎದೆಗೆ ಹೋಯಿತು. “ನೀವೇ ಹೋಗ್ತೀರಾ?”

“ಮತ್ತಿನ್ಯಾರು ಹೋಗಬೇಕು? ಯಾಕೆ ಅಂತ ಮಾತ್ರ ಕೇಳಬೇಡಿ.”

“ಕೇಳ್ತೀನಾ ನಾನು? ಕೇಳಬಾರದು,” ಎಂದಳು ಸಾಫಿಯೆ ಅಬ್ಲಾ, ಜೀವನದಲ್ಲಿ ಮೊದಲ ಬಾರಿಗೆ. “ಒಳಗೆ ಬನ್ನಿ, ಚಹಾ—”

“ಬೇಡ ಬೇಡ, ಚಹಾಕ್ಕೆ ಕೂತ್ರೆ ಆಗಲ್ಲ.”

“ಸರಿ, ಕೂರಬಾರದು. ಗೊತ್ತಿದೆ ನಿಮಗೆ ಎಲ್ಲಾ,” ಎಂದು ಆಕೆ ಮೆಲ್ಲಗೆ ಅಂದಳು. “ಬೆದ್ರಿಯೆ ಎಷ್ಟು ದಿನದಿಂದ ಹೊರಗೇ ಕಂಡಿಲ್ಲ. ಹೇಗಿದ್ದಾಳೆ?”

ಮೇಷ್ಟ್ರು ಉಳುಕಿನ ಮಾತನ್ನು ನುಂಗಿಕೊಂಡರು. “ಕಾಲು ದಿಂಬಿನ ಮೇಲಿಟ್ಕೊಂಡು ಮಲಗಿದ್ದಾಳೆ. ನಡೀಬಾರದು ಅಂದಿದ್ದಾರೆ ಡಾಕ್ಟರು. ಅವಳು ಆರಾಮಾಗೇ ಇದ್ದಾಳೆ, ನನಗೇ ಸೊಂಟ ಬಿದ್ದುಹೋಗಿದೆ.”

“ಯಾವಾಗ ಅಂತೆ?”

ಕೌದಿಯ ವಿಚಾರ ಈಕೆಗೆ ಹೇಗೋ ಅಂದಾಜಾಯಿತೆಂದು ಮೇಷ್ಟ್ರಿಗೆ ಬೆವರಿತು. ಅತ್ತಿತ್ತ ನೋಡಿ ಪಿಸುಗುಟ್ಟಿದರು: “ದೇವರ ದಯೆ ಇದ್ರೆ ರಜೆ ಮುಗಿಯೋದ್ರೊಳಗೆ. ಆದ್ರೆ ಯಾರಿಗೂ ಹೇಳಬೇಡಿ ಅಬ್ಲಾ.”

ಸಾಫಿಯೆ ಅಬ್ಲಾ ಗೋಡೆಗೆ ಒರಗಿದಳು. “ಇಷ್ಟು ಬೇಗ. ಆ ದಪ್ಪ ಕೋಟಿನೊಳಗೆ ಏನೂ ಕಾಣಲೇ ಇಲ್ಲವಲ್ಲಾ ನಮಗೆ.” ಎಂದವಳೇ ಒಳಗೆ ಓಡಿ, ತನ್ನ ಮದುವೆಯ ರೇಷ್ಮೆ ಹಾಸಿನ ಮೂಲೆಯನ್ನೇ ಕತ್ತರಿಸಿ ತಂದುಕೊಟ್ಟಳು.

ಇಲ್ಲಿ ಕೇಳುವವರಿಗೆ ಒಂದು ಸಂಗತಿ ಹೇಳಬೇಕು. ಚಾಮ್‌ದೆರೆಯಲ್ಲಿ ಬಹಳ ವರ್ಷ ಕಾದು ಕೂಸು ಬರುವ ಮನೆಗೆ ಒಂದು ಸಂಪ್ರದಾಯವಿದೆ. ತಂದೆಯಾಗುವವನು ತಾನೇ ಹೋಗಿ ನಲವತ್ತು ಮನೆಯ ಬಾಗಿಲಲ್ಲಿ ಒಂದೊಂದು ತುಂಡು ಬಟ್ಟೆ ಬೇಡಬೇಕು. ಏಕೆಂದು ಹೇಳಬಾರದು, ಯಾರ ಮನೆಯಲ್ಲೂ ಕೂತು ಚಹಾ ಕುಡಿಯಬಾರದು. ಕೊಡುವವರು ಏಕೆಂದು ಕೇಳಬಾರದು, ಇಲ್ಲವೆನ್ನಬಾರದು. ಆ ತುಂಡುಗಳ ಕೌದಿಯಲ್ಲಿ ಮಲಗಿದ ಕೂಸನ್ನು ಕೆಟ್ಟ ಕಣ್ಣು ಕಂಡರೂ, ಇದು ಯಾವ ಮನೆಯದೆಂದು ತಿಳಿಯದೆ ಹಾದಿ ತಪ್ಪಿ ಹೋಗುತ್ತದೆ. ಇದು ಊರಿನ ಹೆಂಗಸರಿಗೆಲ್ಲ ಗೊತ್ತು, ಗಂಡಸರಿಗೆ ಅವರವರ ತಾಯಂದಿರಿಂದ ಗೊತ್ತು. ಮೇಷ್ಟ್ರ ತಾಯಿ ಎಳವೆಯಲ್ಲೇ ತೀರಿಕೊಂಡು, ಅವರು ಬೆಳೆದದ್ದು ದೂರದ ಸರಕಾರಿ ವಸತಿಶಾಲೆಯಲ್ಲಿ. ಅಲ್ಲಿ ಕಲಿಸುವ ಸಂಪ್ರದಾಯ ಒಂದೇ: ಸಾಲಿನಲ್ಲಿ ನಿಲ್ಲುವುದು. ಮದುವೆಯಾಗಿ ಮೂವತ್ತು ವರ್ಷವಾದರೂ ಅವರ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲವಾದ್ದರಿಂದ ಕಲಿಯುವ ಸಂದರ್ಭವೂ ಬಂದಿರಲಿಲ್ಲ.

ಮೂರನೆಯ ಮನೆಯಿಂದಾಚೆಗೆ ಮೇಷ್ಟ್ರು ಬಾಗಿಲು ತಟ್ಟುವ ಮೊದಲೇ ಅದು ತೆರೆದುಕೊಳ್ಳತೊಡಗಿತು. ತುಂಡು ಮಡಿಸಿ ಸಿದ್ಧವಾಗಿರುತ್ತಿತ್ತು. ಕೆಲವರು ಕೊಡುವಾಗ ಅದನ್ನು ಕಣ್ಣಿಗೊತ್ತಿಕೊಂಡರು. ಒಬ್ಬ ಮುದುಕಿ ಮೇಷ್ಟ್ರ ಮುಖದ ಸುತ್ತ ಯಾವುದೋ ಪ್ರಾರ್ಥನೆ ಪಠಿಸಿ, ದೃಷ್ಟಿ ತಾಗದಿರಲೆಂದು ಊದಿದಳು. ಮಾಂಸದಂಗಡಿಯವನು ಬಟ್ಟೆಯ ಜತೆಗೆ ಕುರಿಯ ಯಕೃತ್ತನ್ನೂ ಕಟ್ಟಿಕೊಟ್ಟು, “ಇದು ಅಕ್ಕನಿಗೆ, ರಕ್ತಕ್ಕೆ ಒಳ್ಳೇದು” ಎಂದ. ಬೆರಳು ಚುಚ್ಚಿಕೊಂಡು ರಕ್ತ ಹೋಗುತ್ತಿದ್ದದ್ದು ತನಗೆ, ಅಕ್ಕನಿಗೇಕೆ ಎಂದು ಮೇಷ್ಟ್ರಿಗೆ ಅರ್ಥವಾಗಲಿಲ್ಲ. ತಂದ ತುಂಡುಗಳನ್ನು ದರ್ಜಿಯ ಅಂಗಡಿಯವೆಂದು ಬೆದ್ರಿಯೆಗೆ ಹೇಳಿದರು.

“ಇದು ಸಾಫಿಯೆ ಅಬ್ಲಾನ ಮದುವೆ ರೇಷ್ಮೆ ಥರಾನೇ ಇದೆಯಲ್ರೀ.”

“ಇಡೀ ಊರು ಅದೇ ದರ್ಜಿ ಹತ್ರ ತಾನೇ ಹೊಲಿಸೋದು,” ಎಂದು ಮೇಷ್ಟ್ರು ಸೂಜಿಯ ಮೇಲೆ ತಲೆ ಬಗ್ಗಿಸಿದರು.

ಶುಕ್ರವಾರ ಮಸೀದಿಯಲ್ಲಿ ಇಮಾಮರು ಮುಪ್ಪಿನಲ್ಲಿ ಮಗನನ್ನು ಪಡೆದ ಪ್ರವಾದಿಯ ಕಥೆಯನ್ನು ಎತ್ತಿಕೊಂಡರು. ಅವರ ಕಂಠ ತಂಬೂರಿಯ ಹಾಗೆ. ಮಗನಾಗುವನೆಂದು ಕೇಳಿ ಹಣ್ಣಾದ ಹೆಂಡತಿ ನಕ್ಕ ಸಂದರ್ಭ ಬಂದಾಗ ಮೇಷ್ಟ್ರ ಕಣ್ಣು ತುಂಬಿತು. ಒರೆಸಿಕೊಂಡು ನೋಡುತ್ತಾರೆ, ಮಸೀದಿಗೆ ಮಸೀದಿಯೇ ಇಮಾಮರನ್ನು ಬಿಟ್ಟು ಇವರನ್ನು ನೋಡುತ್ತಿದೆ. ಹೊರಬರುವಾಗ ಯಾರೋ ಅವರ ಬೂಟುಗಳನ್ನು, ಹಿರಿಯರಿಗೆ ಇಡುವಂತೆ, ನೇರ ಕಾಲು ತೂರಿಸಲು ಬರುವ ಹಾಗೆ ತಿರುಗಿಸಿ ಇಟ್ಟಿದ್ದರು.

ಅಲ್ಲಿಂದ ನೇರ ಇದ್ರಿಸನ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತರು.

“ಮುಬಾರಕ್ ಆಗ್ಲಿ ಮೇಷ್ಟ್ರೇ,” ಎಂದ ಇದ್ರಿಸ್, ನೊರೆ ಹಚ್ಚುತ್ತ.

“ಯಾವುದಕ್ಕೆ?”

“ನನ್ನ ಹತ್ರ ಮುಚ್ಚಿಡಬೇಡಿ. ಊರಿಗೇ ಗೊತ್ತಾಗಿದೆ. ಇದರಲ್ಲಿ ನಾಚಿಕೆ ಪಡೋ ಅಂಥದ್ದೇನಿದೆ? ನಮ್ಮಜ್ಜನಿಗೆ ಅರವತ್ತೆರಡರಲ್ಲಿ ಒಂದಾಯ್ತು.”

ಮೇಷ್ಟ್ರ ಎದೆ ಮೊದಲು ಧಸಕ್ಕೆಂದಿತು, ಆಮೇಲೆ ಅರಳಿತು. ಗೊತ್ತಾಗಿಯೂ ಊರು ನಗುತ್ತಿಲ್ಲ. ಇದ್ರಿಸನ ಅಜ್ಜನಂಥ ಗಂಡಸೂ ಕೌದಿ ಹೊಲಿದಿದ್ದಾನೆ.

“ನಿಮ್ಮಜ್ಜನೂನಾ? ಒಬ್ಬನೇನಾ, ಇಲ್ಲಾ ಯಾರಾದ್ರೂ ಕೈಜೋಡಿಸಿದ್ರಾ?”

ಇದ್ರಿಸ್ ಕನ್ನಡಿಯಲ್ಲಿ ಅವರ ಮುಖ ನೋಡಿದ. “ಅಜ್ಜಿ ಇದ್ರಲ್ಲ ಮೇಷ್ಟ್ರೇ.”

“ಸರಿ ಸರಿ. ತೂಕ ಎಷ್ಟು ಬಂತು?”

“ಮೂರೂವರೆ ಕಿಲೋ ಅಂತ ನಮ್ಮಪ್ಪ ಹೇಳ್ತಿದ್ರು.”

“ತೀರಾ ಕಮ್ಮಿಯಾಯ್ತು,” ಎಂದು ಮೇಷ್ಟ್ರು ಅನುಭವಸ್ಥರ ಗತ್ತಿನಲ್ಲಿ ಹೇಳಿದರು. “ನಂದು ಏಳು ಕಿಲೋಗೆ ಕಮ್ಮಿ ಆಗಲ್ಲ ನೋಡು. ನಮ್ಮನೆ ಚಳಿಗೆ ಅಷ್ಟಾದ್ರೂ ಬೇಕು.”

ಕತ್ತಿ ಗಲ್ಲದ ಮೇಲೆ ನಿಂತಿತು. “ಏಳು. ಡಾಕ್ಟರು ಏನಂತಾರೆ?”

“ಡಾಕ್ಟರಿಗೇನು ಗೊತ್ತಾಗತ್ತೆ ಇದೆಲ್ಲ. ಒಂದು ಪಕ್ಕ ಸ್ವಲ್ಪ ಸೊಟ್ಟ ಬಂದಿದೆ, ನಿಜ. ಬೆದ್ರಿಯೆ ನೋಡಿ ನಕ್ಕಳು. ಹೋಗ್ಲಿ, ಹಾಗೇ ಬಿಟ್ಟುಬಿಡಾಣ ಅಂದೆ.”

“ಅಲ್ಲಾಹ್ ಕೊಟ್ಟಿದ್ದು ಮೇಷ್ಟ್ರೇ,” ಎಂದ ಇದ್ರಿಸ್, ಕತ್ತಿ ಕೆಳಗಿಟ್ಟು. “ಸೊಟ್ಟ ಗಿಟ್ಟ ಅನ್ನಬಾರದು. ಬಿಟ್ಟುಬಿಡ್ತೀನಿ ಅಂತಲಂತೂ ಅನ್ನಲೇಬಾರದು.”

ಮೇಷ್ಟ್ರು ಮನೆಗೆ ಹೋದದ್ದು ನಡೆದಲ್ಲ, ತೇಲಿಕೊಂಡು. ಮುಚ್ಚಿದ್ದ ಪರದೆಯನ್ನು ಕೈಯಾರೆ ಸರಿಸಿದರು. ಬೀದಿಯಲ್ಲಿ ಹೋಗುತ್ತಿದ್ದವರಿಗೆ ಸೂಜಿ ಹಿಡಿದ ಕೈಯಲ್ಲೇ ಸಲಾಮು ಹೊಡೆದರು. ಅಷ್ಟು ದೂರಕ್ಕೆ ಸೂಜಿ ಯಾರಿಗೆ ಕಾಣಬೇಕು, ಹೋಗುವವರಿಗೆ ಕಂಡದ್ದು ಕಿಟಕಿಯಲ್ಲಿ ಸುಮ್ಮಸುಮ್ಮನೆ ನಗುವ ಒಬ್ಬ ಭಾವೀ ತಂದೆ. ಇತ್ತ ಕ್ಷೌರದಂಗಡಿಯಲ್ಲಿ ಏಳು ಕಿಲೋದ ಲೆಕ್ಕ ಬಿಡಿಸಲು ಊರ ಪ್ರಮುಖರು ಸೇರಿದ್ದರು. ಒಂದು ಕೂಸು ಏಳು ಕಿಲೋ ತೂಗುವುದು ಸೃಷ್ಟಿಯಲ್ಲಿಲ್ಲ. ಇದು ಅವಳಿಯೇ ಎಂದು ಸಂಜೆಯೊಳಗೆ ಒಮ್ಮತವಾಯಿತು.

ರಜೆಯ ಕೊನೆಯ ಭಾನುವಾರ ಮಧ್ಯಾಹ್ನ ಮೇಷ್ಟ್ರು ಕೌದಿಗೆ ಉಣ್ಣೆ ತುಂಬಿ, ಅಸ್ತರು ಮುಚ್ಚಿ, ಕಡೆಯ ಅಂಚು ಹೊಲಿಯುತ್ತಿದ್ದರು. ಆಗ ಬೀದಿಯಲ್ಲಿ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಒಂದು ಮೆರವಣಿಗೆಯೇ ಬರುತ್ತಿತ್ತು. ಮುಂದೆ ಸಾಫಿಯೆ ಅಬ್ಲಾ, ಕೈಯಲ್ಲಿ ಬಾಣಂತಿಗೆ ಕೊಡುವ ಲವಂಗದ ಕೆಂಪು ಷರಬತ್ತಿನ ಹೂಜಿ. ಹಿಂದೆ ತಟ್ಟೆ ಹೊತ್ತ ಹೆಂಗಸರು. ಅವರ ಹಿಂದೆ ಏನನ್ನೋ ಹೊದಿಕೆ ಮುಚ್ಚಿ ಎತ್ತಿಕೊಂಡ ಇದ್ರಿಸ್, ಹಾಗೆಯೇ ಇನ್ನೊಂದನ್ನು ಎತ್ತಿಕೊಂಡು ಏದುಸಿರು ಬಿಡುತ್ತಿದ್ದ ಮುಖ್ಯೋಪಾಧ್ಯಾಯ ತೆವ್ಫಿಕ್ ಬೇ.

“ಬೆದ್ರಿಯೆ, ಕೌದಿ ನೋಡೋಕೆ ಬಂದ್ರು. ಮುಖ್ಯೋಪಾಧ್ಯಾಯರೂ ಬಂದಿದಾರೆ. ನೀನು ಕೂರಿಸ್ತಿರು, ನಾನು ಅಂಚು ಮುಗಿಸಿ ತರ್ತೀನಿ,” ಎಂದು ಮೇಷ್ಟ್ರು ಕೌದಿ ಬಾಚಿಕೊಂಡು ಒಳಕೋಣೆಗೆ ಓಡಿದರು.

ಬಂದವರಲ್ಲಿ ಮೊದಲಿಗಳಾದ ಸಾಫಿಯೆ ಅಬ್ಲಾ, ಏಳಲು ನೋಡಿದ ಬೆದ್ರಿಯೆಯ ಹೆಗಲು ಅದುಮಿ ಕೂರಿಸಿದಳು. “ಅಲ್ಲಾಡಬೇಡ ಕಣೆ. ಏನೂ ಎತ್ತಬೇಡ. ನಮಗೊಂದು ಮಾತು ಹೇಳಬಾರದಿತ್ತಾ?”

“ಏನೋ ಅಬ್ಲಾ, ಸಣ್ಣ ವಿಷಯ, ಊರಿಗೆಲ್ಲ ಯಾಕೆ ಅಂತ ಇವರೇ ಬೇಡ ಅಂದ್ರು,” ಎಂದಳು ಬೆದ್ರಿಯೆ ಕಾಲು ನೋಡಿಕೊಳ್ಳುತ್ತ. “ಊತ ಇಳೀತಾ ಬಂದಿದೆ.”

“ಇಳೀತಾ ಇದೆಯಾ?” ಎಂದು ಸಾಫಿಯೆ ಅಬ್ಲಾ ಗಾಬರಿಯಿಂದ ಆಕೆಯ ಹೊಟ್ಟೆ ನೋಡಿದಳು. “ಎಷ್ಟನೇ ತಿಂಗಳಲ್ಲೇ?”

“ತಿಂಗಳೆಲ್ಲಿ, ಎರಡು ವಾರ ಆಯ್ತು. ಬಾಗಿಲಲ್ಲಿ ಜಾರಿದ್ದು.”

ಅಷ್ಟರಲ್ಲಿ ಇದ್ರಿಸನೂ ತೆವ್ಫಿಕ್ ಬೇಯೂ ಹೊತ್ತಿದ್ದನ್ನು ಇಳಿಸಿ ಹೊದಿಕೆ ತೆಗೆದರು. ಎರಡು ತೊಟ್ಟಿಲು. ಬೆದ್ರಿಯೆ ತೊಟ್ಟಿಲು ನೋಡಿದಳು, ಷರಬತ್ತು ನೋಡಿದಳು, ತನ್ನ ಹೊಟ್ಟೆಯ ಮೇಲೆ ನೆಟ್ಟ ಅಷ್ಟೂ ಕಣ್ಣುಗಳನ್ನು ನೋಡಿದಳು. “ಇವರು ಮನೆಮನೆಗೂ ಬಟ್ಟೆ ಬೇಡಿದ್ರಾ?” ಎಂದು ಸಣ್ಣ ದನಿಯಲ್ಲಿ ಕೇಳಿದಳು. ಬೇಡಿದರೆಂದು ಎಲ್ಲರೂ ತಲೆಯಾಡಿಸಿದರು. ಆಕೆ ದಿಂಬಿಗೆ ಬಿದ್ದು ನಗತೊಡಗಿದಳು.

“ಹಾಗೆ ನಗಬೇಡ್ವೇ, ಅಲುಗಾಡ್ತವೆ,” ಎಂದು ಒಬ್ಬಳು ಅಂಗಲಾಚಿದಳು.

“ಯಾವುವು ಅಲುಗಾಡ್ತವೆ? ಒಳಗೆ ಮಧ್ಯಾಹ್ನದ ಕೋಸಿನ ಕಡುಬು ಬಿಟ್ರೆ ಏನೂ ಇಲ್ವಲ್ಲೇ,” ಎಂದು ಬೆದ್ರಿಯೆ ಕಣ್ಣೀರು ಬರುವಂತೆ ನಕ್ಕಳು.

ಸಾಫಿಯೆ ಅಬ್ಲಾಳ ಮುಖ ಷರಬತ್ತಿಗಿಂತ ಕೆಂಪಾಗಿತ್ತು. “ನನ್ನ ನಾಲಿಗೆ ಸುಡಲಿ. ಕ್ಷಮಿಸಿಬಿಡೇ ತಂಗಿ.”

ಬೆದ್ರಿಯೆ ಕಣ್ಣೊರೆಸಿಕೊಂಡು ಹತ್ತಿರದ ತೊಟ್ಟಿಲನ್ನು ಬೆರಳಿನಿಂದ ಒಮ್ಮೆ ತೂಗಿದಳು. “ಅಬ್ಲಾ, ಎಲ್ಲಾ ಮನೆಯವರೂ ಕೊಟ್ರಾ?”

“ನಲವತ್ತು ಮುಗಿದ ಮೇಲೂ ಕರೆದು ಕರೆದು ಕೊಟ್ರು.”

“ನನಗೆ ಅಂತ?”

“ಇನ್ಯಾರಿಗೇ?”

ಬೆದ್ರಿಯೆ ಷರಬತ್ತಿನ ಹೂಜಿಯನ್ನು ತಾನೇ ತೆಗೆದುಕೊಂಡಳು. “ಹಾಗಿದ್ರೆ ಕುಡೀದೆ ಹೋಗಬಾರದು. ಲೋಟ ತಗೊಳ್ಳಿ ಎಲ್ಲರೂ.”

ಆ ಗಳಿಗೆಗೆ ಸರಿಯಾಗಿ ಒಳಬಾಗಿಲು ತೆರೆಯಿತು. ಎರಡು ತೋಳ ಮೇಲೆ ಕೌದಿ ಹರಡಿಕೊಂಡು, ಬೆರಳಿಗೆ ಹೊಲಿಗೆಯ ಟೊಪ್ಪಿ ಹಾಕಿಕೊಂಡು, ಮೀಸೆಯಲ್ಲಿ ಒಂದೆಳೆ ಹಸಿರು ದಾರ ಸಿಕ್ಕಿಸಿಕೊಂಡು ಶಾಕಿರ್ ಮೇಷ್ಟ್ರು ದಯಮಾಡಿಸಿದರು.

“ಬಂದ್ರಾ ಸಾರ್? ಮುಗಿದೇಹೋಯ್ತು. ತೂಕ ಮಾಡಿ ಬೇಕಾದ್ರೆ, ಏಳು ಕಿಲೋಗೆ ಒಂದು ಎಳೆ ಕಮ್ಮಿ ಇಲ್ಲ.”

ಇದ್ರಿಸ್ ಲೋಟ ಹಿಡಿದೇ ಗೋಡೆಗೊರಗಿ ಕೂತುಬಿಟ್ಟ.

“ಇವರು ಕೌದಿ ನೋಡೋಕೆ ಬಂದಿಲ್ಲ ಕಣ್ರೀ,” ಎಂದಳು ಬೆದ್ರಿಯೆ. “ನಿಮ್ಮ ಮಕ್ಕಳನ್ನ ನೋಡೋಕೆ ಬಂದಿದ್ದು. ಅವಳಿಯಂತೆ.”

ಮೇಷ್ಟ್ರ ದೃಷ್ಟಿ ತೊಟ್ಟಿಲುಗಳ ಮೇಲೆ ಬಿತ್ತು. ಅಲ್ಲಿಂದ ಅವರ ಬುದ್ಧಿ ಹಿಂದುಹಿಂದಕ್ಕೆ ನಡೆಯಿತು: ಕ್ಷೌರಿಕನ ಅಜ್ಜ, ಮಸೀದಿಯ ಕಥೆ, ಯಕೃತ್ತು, ರೇಷ್ಮೆಯ ಮೂಲೆ. ಅಂದರೆ ಊರಿಗೆ ಗೊತ್ತಿದ್ದದ್ದು ಬೇರೆ. ಅಂದರೆ ಹೊಲಿಗೆಯ ಸಂಗತಿ ಬಂದವರಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ. ಅವರು ಮೆಲ್ಲನೆ ಬೆರಳಿನ ಟೊಪ್ಪಿ ಕಳಚಿ ಜೇಬಿಗೆ ಜಾರಿಸಿದರು.

ಸಾಫಿಯೆ ಅಬ್ಲಾ ಆಗಲೇ ಕೌದಿ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಹೆಂಗಸರು ಮುತ್ತಿದರು. ಇಗೋ ನಮ್ಮನೆ ಪರದೆ, ಇಗೋ ನನ್ನ ಮಗಳ ಹಬ್ಬದ ಲಂಗ, ಇದು ನಮ್ಮತ್ತೆಯ ಏಪ್ರನ್ನು, ಎಲ್ಲಿ ಕೂರಿಸಿದಾರೆ ನೋಡು ಅದನ್ನ, ನಕ್ಷತ್ರದ ಮಧ್ಯಕ್ಕೆ. ಒಬ್ಬರ ತುಂಡು ಇನ್ನೊಬ್ಬರ ತುಂಡಿನ ಪಕ್ಕದಲ್ಲಿ, ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳ ತುಂಡುಗಳೂ ಅಕ್ಕಪಕ್ಕದಲ್ಲಿ, ಬಿಗಿಯಾಗಿ, ಜತೆಯಾಗಿ ಕೂತಿದ್ದವು. ಒಂದು ಪಕ್ಕ ಸ್ವಲ್ಪ ಸೊಟ್ಟಗಿತ್ತು.

“ಕೊಟ್ಟ ತುಂಡು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ, ಇದು ಈ ಮನೇದೇ,” ಎಂದು ಸಾಫಿಯೆ ಅಬ್ಲಾ ತೀರ್ಪು ಕೊಟ್ಟಳು. “ಎಂಥಾ ಕೈ ಕಣೆ ಇದು. ನಮ್ಮೂರಲ್ಲಿ ಇಂಥ ಮೂಲೆ ಯಾರೂ ಕೂಡಿಸಿಲ್ಲ.”

ತೆವ್ಫಿಕ್ ಬೇ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಪ್ರದರ್ಶನಕ್ಕೆ ಇಡೋ ಅಂಥದ್ದು. ಇದು ನೀವು ಹೊಲಿದದ್ದಾ ಬೆದ್ರಿಯೆಯವರೇ?”

ಮೇಷ್ಟ್ರು ದಿವಾನದ ಪಕ್ಕಕ್ಕೆ ಕುಸಿದು, ದಿಂಬು ಸರಿಮಾಡುವ ನೆಪದಲ್ಲಿ ಹೆಂಡತಿಯ ಕಿವಿಯ ಹತ್ತಿರ ಬಾಯಿ ತಂದರು. “ಬೆದ್ರಿಯೆ, ನಾಳೆ ಶಾಲೆ ಶುರುವಾಗತ್ತೆ. ನಿನ್ನ ಕಾಲಿಗೆ ಬೀಳ್ತೀನಿ, ಬೇಕಾದ್ರೆ ಉಳುಕಿದ ಕಾಲಿಗೇ ಬೀಳ್ತೀನಿ. ಹೊಲಿದದ್ದು ನೀನೇ ಅಂತ ಒಂದು ಮಾತು ಅಂದುಬಿಡು.”

ಬೆದ್ರಿಯೆ ಅವರ ಮೀಸೆಯಿಂದ ಹಸಿರು ದಾರವನ್ನು ಎಳೆದು ತೆಗೆದಳು. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

“ಅನ್ನಲ್ಲ. ಮೂವತ್ತು ವರ್ಷದಿಂದ ಈ ಹೆಂಗಸರು ತಮ್ಮ ತಮ್ಮ ಮಕ್ಕಳ ಕೈಕೆಲಸ ತಂದು ನನಗೆ ತೋರಿಸಿದಾರೆ. ನಾನೂ ಕೂತು ನೋಡಿದೀನಿ, ಚೆನ್ನಾಗಿದೆ ಅಂದಿದೀನಿ. ಇವತ್ತು ನಮ್ಮನೆಯವರ ಕೈಕೆಲಸ ತೋರಿಸೋ ಸರದಿ ನಂದು. ಅನ್ನಲ್ಲ ಅಂದ್ರೆ ಅನ್ನಲ್ಲ.”